ಎಲೆಅಡಿಕೆ ಕೂಡ ಮುಟ್ಟದ ಭಾವನಿಗೆ ಟಾನ್ಸಿಲ್ ಕ್ಯಾನ್ಸರ್, ರಿಪೋರ್ಟ್‌ನಲ್ಲಿ ‘ಪಿ16 ಪಾಸಿಟಿವ್’ ಅಂತಿದೆ. ಏನಿದು?

ಕೊಪ್ಪದ_ತಂಗಿ
ಎಲ್ಲರಿಗೂ ನಮಸ್ಕಾರ. ನಮ್ಮ ಭಾವನಿಗೆ 52 ವರ್ಷ. ಬೀಡಿ, ಸಿಗರೇಟು, ಗುಟ್ಕಾ ಯಾವುದೂ ಇಲ್ಲ. ಮದುವೆಮನೆ ಊಟ ಆದ್ಮೇಲೂ ಎಲೆಅಡಿಕೆ ತಟ್ಟೆ ಪಕ್ಕದವರಿಗೆ ದಾಟಿಸೋ ಮನುಷ್ಯ. ಕುತ್ತಿಗೆಯ ಎಡಗಡೆ ಒಂದು ಗಂಟು ಬಂತು, ನೋವಿರಲಿಲ್ಲ. ಮೊದಲು ತೋರಿಸಿದ ಕಡೆ ಆಂಟಿಬಯೋಟಿಕ್ ಕೊಟ್ರು, ಕರಗಲಿಲ್ಲ. ಇನ್ನೊಂದು ಕಡೆ ಟಿಬಿ ಗಂಟು ಇರಬೇಕು ಅಂತ ಸೂಜಿ ಹಾಕಿ ಕೂಡ ನೋಡದೆ ಟಿಬಿ ಮಾತ್ರೆ ಶುರು ಮಾಡಿದ್ರು. ತಿಂಗಳುಗಳು ಹೋದವು. ಕೊನೆಗೆ ಬೆಂಗಳೂರಲ್ಲಿ ಬಯಾಪ್ಸಿ ಮಾಡಿ, ಎಡ ಟಾನ್ಸಿಲ್‌ನಲ್ಲಿ ಕ್ಯಾನ್ಸರ್, ಅಲ್ಲಿಂದ ಕುತ್ತಿಗೆಗೆ ಇಳಿದಿದೆ ಅಂದ್ರು. ರಿಪೋರ್ಟ್ ಕೆಳಗೆ ‘ಪಿ16 ಪಾಸಿಟಿವ್’ ಅಂತ ಇದೆ. ಇದು ಎಚ್‌ಪಿವಿ ಅನ್ನೋ ವೈರಸ್ಸಿಂದ ಬಂದಿರೋದು ಅಂತ ಡಾಕ್ಟರ್ ಹೇಳಿದ್ರಂತೆ.

ಈಗ ನೆಂಟರಲ್ಲಿ ಎರಡು ಪಾರ್ಟಿ. ಒಂದು ಪಾರ್ಟಿ ‘ಕದ್ದು ಏನೋ ತಿಂತಿದ್ದ’ ಅನ್ನುತ್ತೆ. ಇಂಟರ್‌ನೆಟ್ ನೋಡಿದ ಇನ್ನೊಂದು ಪಾರ್ಟಿ ಅದಕ್ಕಿಂತ ಕೆಟ್ಟದ್ದು ಮಾತಾಡುತ್ತೆ. ಅಕ್ಕ ರಾತ್ರಿ ಫೋನ್ ಮಾಡಿ ‘ನಂಗೂ ಬರುತ್ತೇನೇ? ತಟ್ಟೆ ಲೋಟ ಬೇರೆ ಮಾಡ್ಬೇಕಾ?’ ಅಂತ ಅತ್ತಳು. ಗೊತ್ತಿರೋರು ದಯವಿಟ್ಟು ಹೇಳಿ.

ಸುಮ್ನೆ_ಓದೋನು
ವೈರಸ್ಸಿಂದ ಕ್ಯಾನ್ಸರಾ? ಮೊದಲ ಸಲ ಕೇಳ್ತಿರೋದು. ಫಾಲೋ ಮಾಡ್ತೀನಿ.

ಕಿವಿಮೂಗುಗಂಟಲು (ಇಎನ್‌ಟಿ, ಮೈಸೂರು)
ಮೊದಲು ಅಕ್ಕನ ಪ್ರಶ್ನೆ. ತಟ್ಟೆ ಲೋಟ ಬೇರೆ ಮಾಡೋದು ಬೇಡ, ಮಂಚವೂ ಬೇರೆ ಬೇಡ. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಇನ್ನು ವೈರಸ್ಸು: ಇಷ್ಟು ವರ್ಷ ಸಂಸಾರ ಮಾಡಿದವರಿಗೆ ತಗಲುವುದಿದ್ದರೆ ಎಂದೋ ತಗಲಿ, ಹೆಚ್ಚಿನಂಶ ಹೋಗಿಯೂ ಆಗಿರುತ್ತೆ. ಇಂಥ ರೋಗಿಗಳ ಗಂಡ-ಹೆಂಡತಿಯರ ಬಾಯಿಯನ್ನು ಅಮೆರಿಕದಲ್ಲಿ ಪರೀಕ್ಷೆ ಮಾಡಿ ನೋಡಿದಾಗ, ಅಪಾಯದ ಎಚ್‌ಪಿವಿ ಸಿಕ್ಕಿದ್ದು ಹೆಚ್ಚುಕಡಿಮೆ ಸಾಮಾನ್ಯ ಜನರಲ್ಲಿ ಸಿಗುವಷ್ಟೇ. ಅಕ್ಕ ಮಾಡಿಸಬೇಕಾದದ್ದು ಗರ್ಭಕೊರಳಿನ ತಪಾಸಣೆ. ಭಾವನಿಗೆ ಕಾಯಿಲೆ ಬರದಿದ್ದರೂ ಆ ವಯಸ್ಸಿನ ಹೆಂಗಸರು ಅದನ್ನ ಮಾಡಿಸಲೇಬೇಕು.

ನೆಂಟರ ಎರಡನೇ ಪಾರ್ಟಿಗೆ: ಗಂಟಲಿಗೆ ಈ ವೈರಸ್ ಮುಖ್ಯವಾಗಿ ಬರುವುದು ಮುಖಮೈಥುನದಿಂದ, ಇದನ್ನ ಮುಚ್ಚಿಟ್ಟು ಪ್ರಯೋಜನ ಇಲ್ಲ. ಆದರೆ ದೈಹಿಕ ಸಂಬಂಧ ಇರುವ ಬಹುಪಾಲು ಗಂಡಸರು ಹೆಂಗಸರಿಗೆ ಜೀವನದಲ್ಲಿ ಒಂದಲ್ಲ ಒಂದು ಬಗೆಯ ಎಚ್‌ಪಿವಿ ತಗಲೇ ತಗಲುತ್ತೆ. ಒಂದೆರಡು ವರ್ಷದಲ್ಲಿ ದೇಹವೇ ಅದನ್ನ ಹೊರಗೆ ಹಾಕುತ್ತೆ. ಕೆಲವೇ ಕೆಲವರಲ್ಲಿ ಉಳಿದುಕೊಳ್ಳುತ್ತೆ, ಉಳಿದರೂ ಗೆಡ್ಡೆ ಆಗೋಕೆ ದಶಕಗಳು ಬೇಕು. ಯಾರಿಂದ ಬಂತು, ಯಾವ ವರ್ಷ ಬಂತು ಅಂತ ಹೇಳುವ ಪರೀಕ್ಷೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಆದ್ದರಿಂದ ಆ ಪಂಚಾಯ್ತಿ ಮಾಡೋರಿಗೆ ಕಾಫಿ ಕೊಟ್ಟು ಕಳಿಸಿ.

ವಿಷಯ ಹೊಸದೇನಲ್ಲ. 1983ರಲ್ಲಿ ಜರ್ಮನಿಯ ಹೆರಾಲ್ಡ್ ತ್ಸೂರ್ ಹೌಸನ್ ತಂಡ ಗರ್ಭಕೊರಳಿನ ಕ್ಯಾನ್ಸರ್‌ನಲ್ಲಿ ಎಚ್‌ಪಿವಿ 16 (ಈ ವೈರಸ್ಸಿನ ಹಲವು ಬಗೆಗಳಲ್ಲಿ ಒಂದು) ಪತ್ತೆ ಮಾಡಿತು. ಆ ಕೆಲಸಕ್ಕೆ 2008ರಲ್ಲಿ ಅವರಿಗೆ ನೊಬೆಲ್ ಬಂತು. ಗಂಟಲಿನ ಕಥೆಗೆ ಗಟ್ಟಿ ಸಾಕ್ಷಿ ಸಿಕ್ಕಿದ್ದು 2000ದಲ್ಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮೌರಾ ಗಿಲಿಸನ್ ಮತ್ತು ಜೊತೆಗಾರರು ತಲೆ-ಕುತ್ತಿಗೆಯ 253 ಗೆಡ್ಡೆಗಳನ್ನ ನೋಡಿದರು. 62ರಲ್ಲಿ ವೈರಸ್ ಇತ್ತು, ಅದರಲ್ಲಿ ನೂರಕ್ಕೆ ತೊಂಬತ್ತು ಎಚ್‌ಪಿವಿ 16. ಆ ಗೆಡ್ಡೆಗಳು ಬಾಯಿತುಂಬ ಹರಡಿಕೊಂಡಿರಲಿಲ್ಲ, ಗಂಟಲಿನ ಭಾಗದಲ್ಲೇ, ಅದರಲ್ಲೂ ಟಾನ್ಸಿಲ್‌ನಲ್ಲಿ ಗುಂಪಾಗಿದ್ದವು. ಟಾನ್ಸಿಲ್ ಮತ್ತು ನಾಲಿಗೆಯ ಬುಡದಲ್ಲಿ ಆಳವಾದ ಸಣ್ಣ ಸಣ್ಣ ಬಿಲಗಳಿರುತ್ತವೆ, ಅಲ್ಲಿನ ಒಳಪೊರೆ ಜಾಳುಜಾಳು. ವೈರಸ್ಸಿಗೆ ಹೊಕ್ಕು ಕೂರಲು ಅದಕ್ಕಿಂತ ಒಳ್ಳೆ ಜಾಗ ಬಾಯಲ್ಲಿ ಮತ್ತೊಂದಿಲ್ಲ. ಕೂತ ಮೇಲೆ ಅದರ ಇ6 ಅನ್ನುವ ಪ್ರೋಟೀನು ನಮ್ಮ ಕೋಶದ ಪಿ53ನ್ನ ನಾಶ ಮಾಡುತ್ತೆ, ಇ7 ಅನ್ನುವುದು ಆರ್‌ಬಿ ಪ್ರೋಟೀನನ್ನ ಹಿಡಿದು ಕೆಡಿಸುತ್ತೆ. ಪಿ53, ಆರ್‌ಬಿ ಎರಡೂ ನಮ್ಮ ಕೋಶಗಳು ಅಡ್ಡಾದಿಡ್ಡಿ ಹೆಚ್ಚದ ಹಾಗೆ ಕಾಯುವಂಥವು. ಆರ್‌ಬಿ ಕೆಟ್ಟಾಗ ಪಿ16 ಅನ್ನುವ ಇನ್ನೊಂದು ಪ್ರೋಟೀನು ಕೋಶದಲ್ಲಿ ತುಂಬಿಹೋಗುತ್ತೆ. ನಿಮ್ಮ ರಿಪೋರ್ಟ್‌ನಲ್ಲಿ ಇರುವುದು ಅದೇ.

ಕೊಪ್ಪದ_ತಂಗಿ
ಸರ್, ತುಂಬಾ ಥ್ಯಾಂಕ್ಸ್. ಇದನ್ನ ಅಕ್ಕನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ ಗಂಜಿ ಮಾಡೋಕೆ ಎದ್ದು ಹೋದ್ಲು.

ತೀರ್ಥಹಳ್ಳಿ_ತೋಟ
ಡಾಕ್ಟ್ರೇ, ಹಂಗಾದ್ರೆ ಇಷ್ಟು ವರ್ಷ ಅಡಿಕೆ ಮೇಲೆ ಗೂಬೆ ಕೂರಿಸಿದ್ದು ಯಾಕೆ? ನಮ್ಮ ಬೆಳೆಗಾರರ ವಾಟ್ಸಾಪ್ ಗ್ರೂಪಲ್ಲಿ ಒಂದು ಓಡಾಡ್ತಿದೆ: ‘ಬಾಯಿ ಕ್ಯಾನ್ಸರ್‌ಗೆ ಕಾರಣ ವೈರಸ್, ಅಡಿಕೆ ಅಲ್ಲ, ವಿಜ್ಞಾನಿಗಳೇ ಒಪ್ಪಿದ್ದಾರೆ’ ಅಂತ. ಇಲ್ಲಿ ನೀವು ಹೇಳೋದೂ ಅದೇ ಅಲ್ವಾ? ಅಡಿಕೆ ಮುಟ್ಟದವರಿಗೇ ಬಂದಿದೆ ಅಂತ ತಂಗಿನೇ ಬರೆದಿದ್ದಾರೆ. ನಮ್ಮಜ್ಜಿ ತೊಂಬತ್ತರ ತನಕ ದಿನಕ್ಕೆ ಎಷ್ಟು ಕವಳ ಹಾಕ್ತಿದ್ರೋ ಲೆಕ್ಕ ಇಲ್ಲ. ಏನೂ ಆಗ್ಲಿಲ್ಲ.

ದಾವಣಗೆರೆ_ದಂತವೈದ್ಯೆ
ಕವಳ ಹಾಕಿ ತೊಂಬತ್ತು ದಾಟಿದ ಅಜ್ಜಿ ನಮ್ಮನೆಯಲ್ಲೂ ಇದ್ರು ಅಣ್ಣ. ಕೆನ್ನೆ ಕೊಯ್ಸಿಕೊಂಡವರು ಜಗಲಿ ಮೇಲೆ ಕೂತು ತಮ್ಮ ಕಥೆ ಹೇಳೋಕೆ ಬರಲ್ಲ, ಅಷ್ಟೇ ವ್ಯತ್ಯಾಸ.

ಆ ಫಾರ್ವರ್ಡ್ ಮಾಡಿರೋ ಕೈಚಳಕ ನೋಡಿ. ಗಂಟಲಿನ ಕ್ಯಾನ್ಸರ್ ಬಗ್ಗೆ ಇರೋ ಸಂಶೋಧನೆಯನ್ನ ತಂದು ಬಾಯಿ ಕ್ಯಾನ್ಸರ್ ಮೇಲೆ ಅಂಟಿಸಿದ್ದಾರೆ. ಕೆನ್ನೆಯ ಒಳಭಾಗ, ಒಸಡು, ನಾಲಿಗೆಯ ಮುಂದಿನ ಭಾಗ ಒಂದು ಕಡೆ. ಟಾನ್ಸಿಲ್, ನಾಲಿಗೆಯ ಬುಡ ಇನ್ನೊಂದು ಕಡೆ. ಕನ್ನಡಿ ಮುಂದೆ ಬಾಯಿ ತೆಗೆದರೆ ಸುಲಭವಾಗಿ ಕಾಣುವ ಜಾಗದಲ್ಲಿ ವೈರಸ್ಸಿನ ಪಾತ್ರ ತೀರಾ ಕಮ್ಮಿ. ಅಲ್ಲಿ ತಂಬಾಕು ಮತ್ತು ಅಡಿಕೆಯದ್ದೇ ರಾಜ್ಯಭಾರ. ಭಾರತದ ಗಂಡಸರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಕ್ಯಾನ್ಸರ್ ಇದೇ, ತುಟಿ ಮತ್ತು ಬಾಯಿಯದ್ದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೇ ಸೇರಿಸಿದೆ. ಎಚ್‌ಪಿವಿ 16 ಕೂಡ ಅದೇ ಗುಂಪಲ್ಲಿದೆ. ಒಂದು ಸೇರಿದ್ದಕ್ಕೆ ಇನ್ನೊಂದನ್ನ ತೆಗೆದುಹಾಕಿಲ್ಲ.

ನನ್ನ ಕ್ಲಿನಿಕ್ಕಿಗೆ ಇಪ್ಪತ್ತು-ಇಪ್ಪತ್ತೆರಡರ ಹುಡುಗರು ಬರ್ತಾರೆ. ಬಾಯಿಗೆ ಎರಡು ಬೆರಳೂ ಹೋಗಲ್ಲ, ಸಾರು ಅನ್ನ ತಿಂದರೆ ಖಾರ ಉರಿ ಅಂತಾರೆ. ಕೆನ್ನೆ ಒಳಗೆ ಮುಟ್ಟಿದರೆ ರಟ್ಟಿನ ಥರ ಬಿಗಿ. ಸಬ್‌ಮ್ಯೂಕಸ್ ಫೈಬ್ರೋಸಿಸ್. ಇದಕ್ಕೆ ಕಾರಣ ಅಡಿಕೆಯಲ್ಲಿರುವ ಅರೆಕೋಲಿನ್, ವೈರಸ್ಸಲ್ಲ. ಇವರಲ್ಲಿ ಕೆಲವರಿಗೆ ಮುಂದೆ ಅದೇ ಜಾಗದಲ್ಲಿ ಕ್ಯಾನ್ಸರ್ ಆಗುತ್ತೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಯ್ತು. ಆಗಿದ್ದೇನು? ಪಾನ್ ಮಸಾಲ ಒಂದು ಸ್ಯಾಶೆ, ತಂಬಾಕು ಇನ್ನೊಂದು ಸ್ಯಾಶೆ, ಹುಡುಗರು ಅಂಗೈಯಲ್ಲೇ ಬೆರೆಸಿಕೊಳ್ತಾರೆ.

ತೀರ್ಥಹಳ್ಳಿ_ತೋಟ
ಮೇಡಂ, ಸ್ಯಾಶೆ ಮಾಡೋರಿಗೆ ಹೇಳಿ, ನಮಗಲ್ಲ. ಎಲೆಚುಕ್ಕಿ ರೋಗ ಬಂದು ತೋಟ ಒಣಗ್ತಾ ಇದೆ, ಕೊಳೆ ಔಷಧಿ ಹೊಡೆಸೋಕೆ ಆಳಿಲ್ಲ, ಅದರ ಮೇಲೆ ನೀವು ‘ಮೊದಲ ಗುಂಪು’ ಅಂತೀರಿ. ಟಾನ್ಸಿಲ್ ಬೇರೆ ಕೆನ್ನೆ ಬೇರೆ ಅನ್ನೋದು ಸರಿ, ಅದು ನಂಗೆ ಗೊತ್ತಿರಲಿಲ್ಲ. ಗ್ರೂಪಲ್ಲಿ ಹಾಕ್ತೀನಿ, ಬೈಸಿಕೊಳ್ಳೋಕೆ ರೆಡಿ ಇದೀನಿ. ಅಡಿಕೆ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪಲ್ಲ.

ಮೇಲ್ವಿಚಾರಕ
ಅಡಿಕೆ ಧಾರಣೆ, ಆಮದು, ಸುಪ್ರೀಂ ಕೋರ್ಟ್ ಕೇಸಿನ ಚರ್ಚೆಗೆ ಕೃಷಿ ವಿಭಾಗದಲ್ಲಿ ಬೇರೆ ಎಳೆ ಇದೆ. ಇಲ್ಲಿಂದ ಏಳು ಕಾಮೆಂಟ್ ಅಲ್ಲಿಗೆ ಸಾಗಿಸಿದ್ದೇನೆ. ರಿಪೋರ್ಟ್ ಫೋಟೋ ಹಾಕುವವರು ಹೆಸರು, ಆಸ್ಪತ್ರೆ ನಂಬರ್ ಮುಚ್ಚಿ ಹಾಕಿ.

ಹುಬ್ಬಳ್ಳಿ_ಮಂದಿ
ಡಾಕ್ಟರ್ ಸಾಹೇಬ್ರ, ನಂದೊಂದು ಪ್ರಶ್ನೆ ಐತ್ರಿ. ನಮ್ಮ ಅಪ್ಪಾಜಿಗೆ ಗಲ್ಲದ ಒಳಗ ಕ್ಯಾನ್ಸರ್ ಆಗೇತ್ರಿ. ಮೂವತ್ತು ವರ್ಷ ಗುಟ್ಕಾ ತಿಂದಾರ, ಸುಳ್ಳ ಯಾಕ ಹೇಳಲಿ. ಆದ್ರ ಅವರ ರಿಪೋರ್ಟಿನ್ಯಾಗೂ ಪಿ16 ಪಾಸಿಟಿವ್ ಅಂತ ಬರದಾರ. ಹಂಗಾರ ಇವರದೂ ವೈರಸ್ಸಿಂದ ಏನ್ರಿ? ವೈರಸ್ ಕ್ಯಾನ್ಸರ್ ಆದ್ರ ಚಲೋ, ಲಗೂನ ಗುಣ ಆಗತೈತಿ, ಆಪರೇಷನ್ ಬ್ಯಾಡ, ಬರೇ ಕರೆಂಟ್ (ರೇಡಿಯೇಶನ್) ಕೊಟ್ರ ಸಾಕು ಅಂತ ನಮ್ಮ ಬೀಗರ ಕಡೆಯವರೊಬ್ಬರು ಹೇಳ್ಯಾರ್ರಿ. ಅಪ್ಪಾಜಿನೂ ಅದನ್ನ ಹಿಡ್ಕೊಂಡು ಕುಂತಾರ.

ಕಿವಿಮೂಗುಗಂಟಲು
ಇಲ್ಲ ಸರ್. ಅಪ್ಪಾಜಿಯ ಆಪರೇಷನ್ ತಾರೀಖು ಮುಂದೆ ಹಾಕಬೇಡಿ, ದಯವಿಟ್ಟು.

ಪಿ16 ವೈರಸ್ಸಲ್ಲ. ತೋಟದ ಬೇಲಿ ಮುರಿದಾಗ ಬೊಗಳುವ ನಾಯಿ ಅದು. ಟಾನ್ಸಿಲ್ ಅನ್ನುವ ತೋಟದಲ್ಲಿ ನಾಯಿ ಬೊಗಳಿದರೆ ನುಗ್ಗಿದ್ದು ಎಚ್‌ಪಿವಿ ಅಂತ ಬಹುಮಟ್ಟಿಗೆ ನಂಬಬಹುದು. ಕೆನ್ನೆಯಲ್ಲಿ ಅದೇ ನಾಯಿ ಬೇರೆ ಕಾರಣಕ್ಕೂ ಬೊಗಳುತ್ತೆ. ಅದಕ್ಕೇ ಬಾಯಿಯೊಳಗಿನ ಕ್ಯಾನ್ಸರ್‌ಗೆ ಪಿ16 ಪರೀಕ್ಷೆಯನ್ನ ವಾಡಿಕೆಯಾಗಿ ಮಾಡಬೇಡಿ ಅಂತಲೇ ಅಮೆರಿಕದ ಪೆಥಾಲಜಿಸ್ಟರ ಕಾಲೇಜು ಹೇಳಿದೆ. ಮಾಡಿದರೂ ಅದರಿಂದ ಚಿಕಿತ್ಸೆ ಬದಲಾಗಲ್ಲ. 2017ರಲ್ಲಿ ಬಂದ ಕ್ಯಾನ್ಸರ್ ಹಂತಗಳ ಎಂಟನೇ ಆವೃತ್ತಿಯಲ್ಲಿ ಪಿ16 ಪಾಸಿಟಿವ್‌ಗೆ ಬೇರೆ ಲೆಕ್ಕ ಕೊಟ್ಟದ್ದು ಗಂಟಲಿನ ಕ್ಯಾನ್ಸರ್‌ಗೆ ಮಾತ್ರ, ಕೆನ್ನೆಯ ಕ್ಯಾನ್ಸರ್‌ನ ಹಂತದ ಲೆಕ್ಕದಲ್ಲಿ ಪಿ16ಗೆ ಜಾಗವೇ ಇಲ್ಲ. ಕೆನ್ನೆಯ ಕ್ಯಾನ್ಸರ್‌ಗೆ ಮೊದಲ ಚಿಕಿತ್ಸೆ ಸರ್ಜರಿ. ಕರೆಂಟ್ ಬೇಕೋ ಬೇಡವೋ ಅನ್ನುವುದು ತೆಗೆದ ತುಂಡಿನ ರಿಪೋರ್ಟ್ ಬಂದ ಮೇಲೆ.

ಕೊಪ್ಪದ ತಂಗಿಯವರಿಗೂ ಇದರಿಂದಲೇ ಒಂದು ಮಾತು. ಅಮೆರಿಕದಲ್ಲಿ ಗಂಟಲಿನ ಕ್ಯಾನ್ಸರ್‌ಗಳಲ್ಲಿ ಎಚ್‌ಪಿವಿ ಇರುವವುಗಳ ಪಾಲು 1984-89ರಲ್ಲಿ ನೂರಕ್ಕೆ 16ರಷ್ಟಿತ್ತು, 2000-04ರ ಹೊತ್ತಿಗೆ 72ರ ಹತ್ತಿರ ಬಂತು. ಅಲ್ಲಿ ಸಿಗರೇಟು ಇಳಿಯಿತು, ವೈರಸ್ ಏರಿತು. ಹಾಗಾಗಿ ಅವರಿಗೆ ಪಿ16 ಒಂದೇ ಸಾಕಾಗುತ್ತೆ. ನಮ್ಮಲ್ಲಿ ಗಂಟಲಿನಲ್ಲೂ ತಂಬಾಕಿನದ್ದೇ ದೊಡ್ಡ ಪಾಲು, ವೈರಸ್ಸಿನ ಪಾಲಿನ ಅಂಕಿ ಒಂದು ಊರಿನ ಅಧ್ಯಯನಕ್ಕೂ ಇನ್ನೊಂದು ಊರಿನದಕ್ಕೂ ಹೊಂದುವುದೇ ಇಲ್ಲ. 2023ರಲ್ಲಿ ಹಲವು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗಂಟಲು ಕ್ಯಾನ್ಸರ್ ರೋಗಿಗಳ ವಿಶ್ಲೇಷಣೆ ಬಂತು. ಅದರಲ್ಲಿ ನೂರಕ್ಕೆ ಸುಮಾರು ಒಂಬತ್ತು ಮಂದಿಗೆ ಪಿ16 ಒಂದು ಹೇಳಿದರೆ ವೈರಸ್ ಪರೀಕ್ಷೆ ಇನ್ನೊಂದು ಹೇಳಿತ್ತು. ವೈರಸ್ಸಿನ ಪಾಲು ಕಡಿಮೆ ಇರುವ ನಾಡಿನಲ್ಲಿ ಈ ತಾಳೆ ತಪ್ಪುವುದು ಇನ್ನೂ ಜಾಸ್ತಿ. ಆದ್ದರಿಂದ ಅದೇ ಬಯಾಪ್ಸಿ ಬ್ಲಾಕ್ (ಲ್ಯಾಬಿನಲ್ಲಿ ಮೇಣದಲ್ಲಿ ಕಾದಿಟ್ಟ ತುಂಡು) ಮೇಲೆ ಎಚ್‌ಪಿವಿಯ ಡಿಎನ್‌ಎ ಅಥವಾ ಆರ್‌ಎನ್‌ಎ ಪರೀಕ್ಷೆ ಮಾಡಿಸಬಹುದಾ ಅಂತ ಕೇಳಿ. ಮತ್ತೆ ತುಂಡು ತೆಗೆಯೋದು ಬೇಕಿಲ್ಲ.

ಹುಬ್ಬಳ್ಳಿ_ಮಂದಿ
ಆತ್ರಿ ಸಾಹೇಬ್ರ. ಅಪ್ಪಾಜಿಗೆ ನಾಯಿ ಕಥಿ ಹೇಳಿದ್ರ ತಿಳೀತೈತಿ, ಹೊಲಾ ಮಾಡೋ ಮನಿಷಾ. ಬೀಗರಿಗೆ ಹೆಂಗ ಹೇಳೂದು ಅದ ದೊಡ್ಡ ಚಿಂತಿ.

ಕೊಪ್ಪದ_ತಂಗಿ
ಸರ್, ವೈರಸ್ಸಿಂದ ಬಂದದ್ದು ಬೇಗ ಗುಣ ಆಗುತ್ತೆ ಅನ್ನೋದು ಗಂಟಲಿಗಾದ್ರೂ ನಿಜಾನಾ? ಕುತ್ತಿಗೆಗೆ ಬಂದುಬಿಟ್ಟಿದೆ ಅಂದ್ರಲ್ಲ, ಅದೇ ಭಯ.

ಕಿವಿಮೂಗುಗಂಟಲು
ಗಂಟಲಿಗೆ ನಿಜ. 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ರೋಗ ಮುಂದುವರಿದ ಹಂತದಲ್ಲಿದ್ದ ಗಂಟಲು ಕ್ಯಾನ್ಸರ್ ರೋಗಿಗಳನ್ನ ನೋಡಿದರು. ಮೂರು ವರ್ಷದ ನಂತರ ಬದುಕಿದ್ದವರು ಎಚ್‌ಪಿವಿ ಇದ್ದವರಲ್ಲಿ ನೂರಕ್ಕೆ 82, ಇಲ್ಲದವರಲ್ಲಿ 57. ಇಬ್ಬರಿಗೂ ಕೊಟ್ಟದ್ದು ರೇಡಿಯೇಶನ್ ಮತ್ತು ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧಿ. ವೈರಸ್ ಇದ್ದೂ ಸಿಗರೇಟು ಹೆಚ್ಚು ಸೇದಿದವರಲ್ಲಿ ಫಲಿತಾಂಶ ಇಳಿಯಿತು. ಭಾವ ಸೇದದ ಮನುಷ್ಯ ಅನ್ನುವುದು ಇಲ್ಲಿ ಕೆಲಸಕ್ಕೆ ಬರುತ್ತೆ. ಕುತ್ತಿಗೆಯ ಗಂಟು ಈ ರೋಗದ ಜಾಯಮಾನವೇ. ಟಾನ್ಸಿಲ್‌ನಲ್ಲಿ ಕಡಲೆಕಾಳಿನಷ್ಟು ಇರುವಾಗಲೇ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಬರುತ್ತೆ. ಪಿ16 ಪಾಸಿಟಿವ್ ಗಂಟಲು ಕ್ಯಾನ್ಸರ್‌ನ 2017ರ ಹೊಸ ಲೆಕ್ಕದಲ್ಲಿ ಒಂದೇ ಬದಿಯ, ಆರು ಸೆಂಟಿಮೀಟರ್ ದಾಟದ ಗಂಟುಗಳಿದ್ದರೆ, ಟಾನ್ಸಿಲ್‌ನಲ್ಲಿರುವುದೂ ಚಿಕ್ಕದಿದ್ದರೆ ಒಂದನೇ ಹಂತ. ಹಳೇ ಲೆಕ್ಕದಲ್ಲಿ ಅದೇ ರೋಗಿಗೆ ಮೂರು ಅಥವಾ ನಾಲ್ಕನೇ ಹಂತ ಅಂತಿದ್ದರು.

ಗಂಟಿನ ಬಗ್ಗೆ ಓದುವ ಎಲ್ಲರಿಗೂ: ನಲವತ್ತು ದಾಟಿದವರಿಗೆ ಕುತ್ತಿಗೆಯಲ್ಲಿ ನೋವಿಲ್ಲದ ಗಂಟು ಎರಡು ವಾರಕ್ಕಿಂತ ಹೆಚ್ಚು ಇದ್ದರೆ, ಗಂಟಲೊಳಗೆ ದುರ್ಬೀನು ಹಾಕಿ ನೋಡುವ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ, ಎಫ್‌ಎನ್‌ಎಸಿ (ಗಂಟಿಗೆ ಸೂಜಿ ಹಾಕಿ ಕೋಶ ತೆಗೆದು ನೋಡುವ ಪರೀಕ್ಷೆ) ಮಾಡಿಸಿ. ನಮ್ಮ ದೇಶದಲ್ಲಿ ಟಿಬಿ ಗಂಟು ಧಾರಾಳವಾಗಿದೆ, ಅನುಮಾನ ಪಡೋದು ತಪ್ಪಲ್ಲ. ಸೂಜಿ ಹಾಕದೆ ಮಾತ್ರೆ ಕೊಡೋದು ತಪ್ಪು. ಎಚ್‌ಪಿವಿಯ ಗಂಟು ಎಷ್ಟೋ ಸಲ ನೀರುಗುಳ್ಳೆಯ ಹಾಗಿರುತ್ತೆ, ಸೂಜಿಗೆ ಬರೀ ನೀರು ಬಂದು ‘ಏನೂ ಇಲ್ಲ’ ಅಂತ ರಿಪೋರ್ಟ್ ಬರುತ್ತೆ. ಆಗ ಸ್ಕ್ಯಾನಿಂಗ್‌ನಲ್ಲಿ ನೋಡಿಕೊಂಡು ಗುಳ್ಳೆಯ ಗೋಡೆಯಿಂದಲೇ ಮತ್ತೆ ತೆಗೆಸಬೇಕು.

ಕೊಹಿಮಾ_ಕನ್ನಡಿಗ
ಸೇನೆಯಲ್ಲಿದ್ದೀನಿ, ಪೋಸ್ಟಿಂಗ್ ನಾಗಾಲ್ಯಾಂಡ್. ಇಲ್ಲಿ ಮೂಗಿನ ಹಿಂಭಾಗದ ಕ್ಯಾನ್ಸರ್ ಜಾಸ್ತಿ ಅಂತ ಎಲ್ಲರೂ ಹೇಳ್ತಾರೆ, ಅದಕ್ಕೂ ವೈರಸ್ಸೇ ಕಾರಣ ಅಂತ. ಇದೇ ಎಚ್‌ಪಿವಿನಾ ಸರ್?

ಕಿವಿಮೂಗುಗಂಟಲು
ಅದು ಬೇರೆ ವೈರಸ್, ಎಪ್‌ಸ್ಟೈನ್-ಬಾರ್, ಇಬಿವಿ. 1964ರಲ್ಲಿ ಆಫ್ರಿಕಾದ ಮಕ್ಕಳ ಗೆಡ್ಡೆಯಲ್ಲಿ ಕಂಡದ್ದು. ದೊಡ್ಡವರಾಗುವ ಹೊತ್ತಿಗೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಎಂಜಲಿನಿಂದ ತಗಲಿರುತ್ತೆ, ನನಗೂ ನಿಮಗೂ. ಕ್ಯಾನ್ಸರ್ ಆಗೋದು ದಕ್ಷಿಣ ಚೀನಾ, ಆಗ್ನೇಯ ಏಷ್ಯಾ, ನಮ್ಮ ಈಶಾನ್ಯದ ಕೆಲವು ಸಮುದಾಯಗಳಲ್ಲಿ ಹೆಚ್ಚು. ವಂಶವಾಹಿ, ಉಪ್ಪು ಹಾಕಿಟ್ಟ ಮೀನಿನಂಥ ಆಹಾರ ಎಲ್ಲ ಸೇರಿಕೊಳ್ಳುತ್ತೆ. ಹಾಂಗ್‌ಕಾಂಗ್‌ನಲ್ಲಿ ಆರೋಗ್ಯವಾಗಿದ್ದ ಇಪ್ಪತ್ತು ಸಾವಿರ ಗಂಡಸರ ರಕ್ತದಲ್ಲಿ ಇಬಿವಿ ಡಿಎನ್‌ಎ ಹುಡುಕಿ, 34 ಮಂದಿಯ ಕ್ಯಾನ್ಸರನ್ನ ಪತ್ತೆ ಮಾಡಿದ್ದರು, ಬಹುಪಾಲು ಮೊದಲ ಹಂತಗಳಲ್ಲೇ. 2017ರ ವರದಿ. ಒಂದೇ ಕಿವಿ ಬಹಳ ದಿನ ಮುಚ್ಚಿಕೊಂಡರೆ, ಮೂಗಿನಲ್ಲಿ ಪದೇಪದೇ ರಕ್ತ ಬಂದರೆ ತೋರಿಸಿ.

ಎಡಿಸನ್_ಅಮ್ಮ (ನ್ಯೂಜೆರ್ಸಿ)
ಇಲ್ಲಿ ನಮ್ಮಿಬ್ಬರು ಗಂಡುಮಕ್ಕಳಿಗೂ ಹನ್ನೊಂದು ವರ್ಷ ಆದಾಗ ಮಕ್ಕಳ ಡಾಕ್ಟ್ರೇ ಎಚ್‌ಪಿವಿ ಲಸಿಕೆ ಹಾಕಿದ್ರು. ಊರಿಗೆ ಫೋನ್ ಮಾಡಿ ಹೇಳಿದ್ರೆ ಅತ್ತೆ ‘ಗರ್ಭಕೋಶದ ಇಂಜೆಕ್ಷನ್ ಗಂಡುಹುಡುಗ್ರಿಗ್ಯಾಕಮ್ಮ’ ಅಂದ್ರು. 2020ರಲ್ಲಿ ಇಲ್ಲಿ ಔಷಧಿಗಳಿಗೆ ಅನುಮತಿ ಕೊಡೋ ಎಫ್‌ಡಿಎ ಗಂಟಲು ಮತ್ತು ತಲೆ-ಕುತ್ತಿಗೆ ಕ್ಯಾನ್ಸರ್ ತಡೆಯನ್ನೂ ಆ ಲಸಿಕೆಯ ಉಪಯೋಗದ ಪಟ್ಟಿಗೆ ಸೇರಿಸಿತು. ಊರಲ್ಲಿರೋ ಅಣ್ಣನ ಮಗನಿಗೆ 13. ಅವನಿಗೂ ಹಾಕಿಸಬಹುದಾ?

ಶಿರಾ_ಮೇಷ್ಟ್ರು
ಅಮೆರಿಕದವರು ಹಾಕಿಸಿಕೊಳ್ಳಲಿ. 2009-10ರಲ್ಲಿ, ಆಗ ಆಂಧ್ರದಲ್ಲಿದ್ದ ಖಮ್ಮಂನಲ್ಲಿ ಈ ಲಸಿಕೆ ಪ್ರಯೋಗ ಮಾಡಿ ಬಡ ಹೆಣ್ಣುಮಕ್ಕಳು ಸತ್ತದ್ದು ಮರೆತುಹೋಯ್ತಾ?

ಕಿವಿಮೂಗುಗಂಟಲು
ಮೇಷ್ಟ್ರೇ, ಮರೆಯಬಾರದ ವಿಷಯವೇ. ಆಂಧ್ರ ಮತ್ತು ಗುಜರಾತಿನಲ್ಲಿ ನಡೀತಿದ್ದ ಆ ಯೋಜನೆಯನ್ನ ಸರ್ಕಾರ 2010ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ತನಿಖೆಯಲ್ಲಿ ಎರಡು ಸಂಗತಿ ಹೊರಬಂತು. ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ. ಆದರೆ ಒಪ್ಪಿಗೆ ಪಡೆದ ರೀತಿ ಸರಿಯಿರಲಿಲ್ಲ, ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳ ಸಹಿ ಹಾಕಿಸಿದ್ದೂ ಇತ್ತು. ಎರಡನೆಯದಕ್ಕೆ ಸಿಟ್ಟು ಬರಲೇಬೇಕು. ಆ ಸಿಟ್ಟನ್ನ ಔಷಧಿಯ ಮೇಲೆ ಹಾಕಿದ್ದಕ್ಕೆ ನಮ್ಮ ಹೆಣ್ಣುಮಕ್ಕಳು ಹತ್ತು ಹನ್ನೆರಡು ವರ್ಷ ಕಳೆದುಕೊಂಡರು. 2018ರಲ್ಲಿ ಸಿಕ್ಕಿಂ ಶಾಲೆಗಳಲ್ಲಿ ಹಾಕಿತು, ಏನೂ ಅನಾಹುತ ಆಗಲಿಲ್ಲ.

ಎಡಿಸನ್ ಅಮ್ಮನವರೇ, ಹಾಕಿಸಬಹುದು. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಅನ್ನುವ ಎಚ್‌ಪಿವಿ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿದ್ದೇ 9ರಿಂದ 26ರ ಹುಡುಗ ಹುಡುಗಿಯರಿಬ್ಬರಿಗೂ. 14 ವರ್ಷದವರೆಗಾದರೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, ಮೇಲಾದರೆ ಮೂರು. ಆ ಲಸಿಕೆಯಲ್ಲಿ ಅಪಾಯದ ಎಚ್‌ಪಿವಿ 16 ಮತ್ತು 18 ಎರಡೂ ಬಗೆ ಸೇರಿವೆ. ಗಂಟಲಿನ ಕ್ಯಾನ್ಸರ್ ತಡೆಯುತ್ತೆ ಅನ್ನುವ ನೇರ ಪುರಾವೆಗೆ ದಶಕಗಳು ಕಾಯಬೇಕು, ರೋಗ ಬರುವುದೇ ಅಷ್ಟು ತಡವಾಗಿ. ಈಗ ಕೈಯಲ್ಲಿರುವುದು ಸೋಂಕಿನ ಲೆಕ್ಕ. ಕೋಸ್ಟರಿಕಾದಲ್ಲಿ ಯುವತಿಯರಿಗೆ ಲಸಿಕೆ ಹಾಕಿ ನಾಲ್ಕು ವರ್ಷದ ನಂತರ ನೋಡಿದಾಗ ಬಾಯಿಯಲ್ಲಿ 16 ಅಥವಾ 18 ಸಿಕ್ಕಿದ್ದು ಒಬ್ಬಳಿಗೆ, ಈ ಲಸಿಕೆ ಹಾಕದ ಗುಂಪಿನಲ್ಲಿ 15 ಮಂದಿಗೆ. ನನ್ನ ಅಭಿಪ್ರಾಯ ಕೇಳಿದರೆ, ಸರ್ಕಾರದ ದುಡ್ಡು ಮೊದಲು ಹೆಣ್ಣುಮಕ್ಕಳಿಗೆ ಹೋಗಲಿ, ಗರ್ಭಕೊರಳ ಕ್ಯಾನ್ಸರ್ ನಮ್ಮಲ್ಲಿ ಅಷ್ಟು ದೊಡ್ಡ ಹೊರೆ. ಸ್ವಂತ ದುಡ್ಡು ಇರೋರು ಹುಡುಗರಿಗೂ ಹಾಕಿಸಿ. ಭಾವನಂಥವರಿಗೆ ಈಗ ಹಾಕಿ ಉಪಯೋಗ ಇಲ್ಲ, ಬಂದ ರೋಗವನ್ನ ಅದು ವಾಸಿ ಮಾಡಲ್ಲ.

ಶಿರಾ_ಮೇಷ್ಟ್ರು
ವಾರ್ಡನ್ ಸಹಿ ವಿಷಯ ಒಪ್ಪಿಕೊಂಡು ಮಾತಾಡಿದ ಮೊದಲ ಡಾಕ್ಟ್ರು ನೀವು. ಯೋಚನೆ ಮಾಡ್ತೀನಿ.

ಕೊಪ್ಪದ_ತಂಗಿ
ಇವತ್ತು ಟ್ಯೂಮರ್ ಬೋರ್ಡ್ (ಬೇರೆ ಬೇರೆ ವಿಭಾಗದ ಡಾಕ್ಟರು ಸೇರಿ ಚಿಕಿತ್ಸೆ ತೀರ್ಮಾನಿಸೋ ಸಭೆ) ಆಯ್ತು. ಏಳು ವಾರ, 35 ಸಲ ಕರೆಂಟ್, ಜೊತೆಗೆ ವಾರ ವಾರ ಸಿಸ್‌ಪ್ಲಾಟಿನ್. ಆರೋಗ್ಯ ಕಾರ್ಡಿನ ಅರ್ಜಿ ಕೊಟ್ಟಿದ್ದೀವಿ. ಭಾವನ ಅಣ್ಣ ‘ವೈರಸ್‌ದು ಬೇಗ ಹೋಗುತ್ತಲ್ಲ, ಕೀಮೋ ಬದಲು ಸೌಮ್ಯದ ಇಂಜೆಕ್ಷನ್ ಇದೆಯಂತೆ, ಅದನ್ನ ಕೇಳೋಣ’ ಅಂತಿದ್ದಾರೆ. ಸೆಟುಕ್ಸಿಮ್ಯಾಬ್ ಅಂತ ಹೆಸರು.

ಕಿವಿಮೂಗುಗಂಟಲು
ಹಾಗೇ ಯೋಚಿಸಿ ಡಾಕ್ಟರುಗಳೇ ಎರಡು ದೊಡ್ಡ ಪ್ರಯೋಗ ಮಾಡಿದರು, 2018ರಲ್ಲಿ ಫಲಿತಾಂಶ ಬಂತು. ಎರಡರಲ್ಲೂ ಸಿಸ್‌ಪ್ಲಾಟಿನ್ ತೆಗೆದುಕೊಂಡವರೇ ಹೆಚ್ಚು ಬದುಕಿದರು. ಒಂದರಲ್ಲಿ ಎರಡು ವರ್ಷಕ್ಕೆ ಬದುಕಿದ್ದವರು ಸಿಸ್‌ಪ್ಲಾಟಿನ್‌ನವರಲ್ಲಿ ನೂರಕ್ಕೆ 97.5, ಸೆಟುಕ್ಸಿಮ್ಯಾಬ್‌ನವರಲ್ಲಿ 89.4. ಅಡ್ಡ ಪರಿಣಾಮವೂ ಆ ಇಂಜೆಕ್ಷನ್ನಿನಲ್ಲಿ ಕಡಿಮೆಯಿರಲಿಲ್ಲ. ಕಿಡ್ನಿ, ಕಿವಿ ಸರಿಯಿದ್ದರೆ ಬೋರ್ಡ್ ಹೇಳಿದ್ದನ್ನೇ ಮಾಡಿಸಿ.

ದಾವಣಗೆರೆ_ದಂತವೈದ್ಯೆ
ತಂಗಿ, ಕರೆಂಟ್ ಶುರುವಾಗೋ ಮುಂಚೆ ಹಲ್ಲು ತೋರಿಸಿದ್ದಾರಾ? ಇದನ್ನ ಎಷ್ಟೋ ಕಡೆ ಬಿಟ್ಟುಬಿಡ್ತಾರೆ. ರೇಡಿಯೇಶನ್ ಆದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆನೇ ಸಾಯೋ ಅಪಾಯ ಇದೆ. ಎಂಜಲು ಕಮ್ಮಿಯಾಗಿ ಹುಳುಕೂ ಬೇಗ ಹಿಡಿಯುತ್ತೆ. ಕೀಳಬೇಕಾದ ಹಲ್ಲು ಇದ್ದರೆ ಈಗಲೇ ಕೀಳಿಸಿ.

ಕೊಪ್ಪದ_ತಂಗಿ
ಹಿಂದುಗಡೆ ಒಂದು ದವಡೆಹಲ್ಲು ಅರ್ಧ ಮುರಿದಿದೆ ಮೇಡಂ. ಕಿತ್ತ ಮೇಲೆ ಎಷ್ಟು ದಿನ ಬಿಟ್ಟು ಕರೆಂಟ್ ಶುರು ಮಾಡಬಹುದು?

ದಾವಣಗೆರೆ_ದಂತವೈದ್ಯೆ
ಸಾಮಾನ್ಯವಾಗಿ ಎರಡು ವಾರ. ಅದಕ್ಕೇ ಕರೆಂಟ್ ಕೊಡುವಾಗ ತಲೆ ಅಲುಗದ ಹಾಗೆ ಹಾಕೋ ಮಾಸ್ಕಿನ ಅಳತೆ ತೆಗೆಯೋ ದಿನಕ್ಕಿಂತ ಮೊದಲೇ ಹೋಗಿ. ಪೂರ್ತಿ ದವಡೆಯ ಎಕ್ಸ್‌ರೇ, ಒಪಿಜಿ ಅಂತಾರೆ, ತೆಗೆಸಿ ರೇಡಿಯೇಶನ್ ಡಾಕ್ಟರಿಗೂ ಒಂದು ಕಾಪಿ ಕೊಡಿ. ಯಾವ ಹಲ್ಲಿನ ತನಕ ಕಿರಣ ಬೀಳುತ್ತೆ ಅಂತ ಅವರು ಹೇಳ್ತಾರೆ, ಅದರ ಮೇಲೆ ದಂತವೈದ್ಯರು ತೀರ್ಮಾನ ಮಾಡ್ತಾರೆ. ಫ್ಲೋರೈಡ್ ಜೆಲ್ ಬರೆಸಿಕೊಳ್ಳಿ. ನುಂಗೋ ವ್ಯಾಯಾಮವನ್ನ ಮೊದಲ ದಿನದಿಂದಲೇ ಶುರು ಮಾಡಿಸಿ, ನೋವು ಬಂದ ಮೇಲೆ ಯಾರೂ ಮಾಡಲ್ಲ.